ಹೆಸರು ಹೇಳದೆ ಕೊಳ್ಳುವ ಸ್ವಾತಂತ್ರ್ಯ

ಜವಳಿ ಅಂಗಡಿಯಲ್ಲಿ ಒಂದು ಜೊತೆ ಕಾಲುಚೀಲವನ್ನು ಆರಿಸಿಕೊಂಡು, ಅದರ ಬೆಲೆಯನ್ನು ಕೈಯಲ್ಲಿ ಹಿಡಿದು ಗಲ್ಲಾದ ಮುಂದೆ ಬಂದು ನಿಂತ ಗ್ರಾಹಕರ ಕಿವಿಗೆ ಈಗ ಮೊದಲು ಬೀಳುವ ಮಾತು "ನಂಬರ್ ಹೇಳಿ ಸರ್" ಎಂಬುದು. ಬಿಲ್ ಹಾಕುವ ಹುಡುಗಿ ಪರದೆಯಿಂದ ಕಣ್ಣೆತ್ತಿರುವುದಿಲ್ಲ. ಅವಳ ಬೆರಳುಗಳು ಹತ್ತು ಅಂಕಿಗಳಿಗಾಗಿ ಕಾದಿರುತ್ತವೆ. "ಯಾಕಮ್ಮಾ, ದುಡ್ಡು ಕೊಡ್ತಾ ಇದೀನಲ್ಲ?" ಎಂದು ಕೇಳಿದರೆ "ನಂಬರ್ ಹಾಕ್ದೆ ಬಿಲ್ ಆಗಲ್ಲ ಸರ್, ಸಿಸ್ಟಮ್ ತಗೊಳ್ಳಲ್ಲ" ಎಂಬ ಉತ್ತರ ಬರುತ್ತದೆ. ಆಕೆಯ ಮೇಲೆ ಕೋಪಿಸಿಕೊಂಡು ಪ್ರಯೋಜನವಿಲ್ಲ. ಆಕೆಗೆ ಮೇಲಿನವರು ಹೇಳಿಕೊಟ್ಟಿರುವುದು ಅಷ್ಟೇ. ಹಿಂದೆ ಸರದಿಯಲ್ಲಿ ನಿಂತವರು ಅಸಹನೆಯಿಂದ ಮಿಸುಕಾಡುತ್ತಿರಲು, ಗ್ರಾಹಕರು ಸಂಕೋಚಕ್ಕೆ ಒಳಗಾಗಿ, ಅಪರಿಚಿತರೆಲ್ಲರಿಗೂ ಕೇಳಿಸುವಂತೆ ತಮ್ಮ ದೂರವಾಣಿಯ ಸಂಖ್ಯೆಯನ್ನು ಗಟ್ಟಿಯಾಗಿ ಒಪ್ಪಿಸಿ, ಕಾಲುಚೀಲವನ್ನು ತೆಗೆದುಕೊಂಡು ಹೊರಡುತ್ತಾರೆ. ಮರುದಿನದಿಂದ ರಿಯಾಯಿತಿ ಮಾರಾಟದ ಸಂದೇಶಗಳು ಅವರನ್ನು ಹಿಂಬಾಲಿಸತೊಡಗುತ್ತವೆ.

ಔಷಧದ ಅಂಗಡಿಯಲ್ಲಿ, ಕನ್ನಡಕದ ಅಂಗಡಿಯಲ್ಲಿ, ಊಟಕ್ಕೆ ಕುಳಿತ ಹೋಟೆಲಿನಲ್ಲಿ, ನೆಂಟರ ಮನೆಗೆ ಹೋದಾಗ ವಸತಿ ಸಮುಚ್ಚಯದ ಗೇಟಿನಲ್ಲಿ, ಹೀಗೆ ದಿನವೊಂದರಲ್ಲಿ ಎಷ್ಟೋ ಕಡೆ ಈ ಪ್ರಶ್ನೆ ನಮಗೆ ಎದುರಾಗುತ್ತದೆಯಾದುದರಿಂದ, ಇದು ಲೋಕರೂಢಿಯೆಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಇಷ್ಟು ಸಣ್ಣ ವಿಷಯಕ್ಕೆ ಸ್ವಾತಂತ್ರ್ಯದಂಥ ದೊಡ್ಡ ಮಾತನ್ನು ಏಕೆ ಎಳೆದು ತರಬೇಕೆಂದು ಕೆಲವರು ಕೇಳಬಹುದು. ಆದರೆ ಸಾಮಾನ್ಯ ಮನುಷ್ಯನು ಸ್ವಾತಂತ್ರ್ಯವನ್ನು ಅನುಭವಿಸುವುದೂ ಕಳೆದುಕೊಳ್ಳುವುದೂ ನ್ಯಾಯಾಲಯಗಳಲ್ಲಿಯೋ ಶಾಸನಸಭೆಗಳಲ್ಲಿಯೋ ಅಲ್ಲ. ಇಂಥ ನಿತ್ಯದ ವ್ಯವಹಾರಗಳಲ್ಲಿ. ಬೇಡವೆನ್ನಲು ಅವಕಾಶವಿಲ್ಲದ ಕಡೆ ಒಪ್ಪಿಗೆ ಎಂಬ ಮಾತಿಗೆ ಅರ್ಥವಿರುವುದಿಲ್ಲವೆಂಬುದೇ ಈ ಲೇಖನದಲ್ಲಿ ನಾನು ಪ್ರತಿಪಾದಿಸಬೇಕೆಂದಿರುವ ಸಂಗತಿ.

ನಮ್ಮ ಊರೂರಿನ ಸಂತೆಗಳನ್ನು ನೆನೆದುಕೊಳ್ಳೋಣ. ಹತ್ತು ಹಳ್ಳಿಗಳ ಜನ ಕೂಡುವ ಆ ಬಯಲಿನಲ್ಲಿ ಕೊಳ್ಳುವವನ ಮನೆತನ ಯಾವುದು, ನಿನ್ನೆ ಏನು ಕೊಂಡ, ನಾಳೆ ಏನು ಕೊಳ್ಳುವನು ಎಂಬುದಾವುದನ್ನೂ ಮಾರುವವನು ವಿಚಾರಿಸುತ್ತಿರಲಿಲ್ಲ. ದುಡ್ಡು ಸಲ್ಲುವುದಾಗಿದ್ದರೆ ಸಾಕು, ಸರಕು ಕೈಗೆ ಬರುತ್ತಿತ್ತು. ಹಣವೆಂಬ ವಸ್ತು ಮನುಷ್ಯನಿಗೆ ತಂದುಕೊಟ್ಟ ದೊಡ್ಡ ಸೌಕರ್ಯಗಳಲ್ಲಿ ಇದೂ ಒಂದು: ಕೊಡುವ ಕೈ ಯಾರದೆಂದು ಅದು ಹೇಳುವುದಿಲ್ಲ. ಊರಿನ ಶೆಟ್ಟರ ಅಂಗಡಿಯಲ್ಲಿಯಾದರೋ ಖಾತೆಯ ಪುಸ್ತಕವಿರುತ್ತಿತ್ತು, ಯಾರ ಮನೆಗೆ ಎಷ್ಟು ಬೆಲ್ಲ, ಎಷ್ಟು ಎಣ್ಣೆ ಹೋಯಿತೆಂಬುದು ಶೆಟ್ಟರಿಗೆ ಬಾಯಿಪಾಠವಾಗಿರುತ್ತಿತ್ತು ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಆ ಅರಿವು ಪರಸ್ಪರವಾದುದು. ಅವರು ನಮ್ಮ ಮನೆಯನ್ನು ಬಲ್ಲಂತೆ ನಾವೂ ಅವರ ಮನೆಯನ್ನು ಬಲ್ಲೆವು. ಅವರ ಪುಸ್ತಕ ಅಂಗಡಿಯ ಹೊಸ್ತಿಲನ್ನು ದಾಟುತ್ತಿರಲಿಲ್ಲ. ಸಾಲ ತೀರಿದ ದಿನ ಆ ಪುಟಕ್ಕೆ ಅಡ್ಡಗೀಟು ಬೀಳುತ್ತಿತ್ತು. ಇಂದು ಗಲ್ಲಾದ ಕಂಪ್ಯೂಟರಿನೊಳಗೆ ಸೇರಿದ ಬರಹ ಎಲ್ಲಿಗೆ ಹೋಗುತ್ತದೆ, ಎಷ್ಟು ಕಾಲ ಉಳಿಯುತ್ತದೆ, ಅದನ್ನು ಓದುವವರು ಯಾರು ಎಂಬುದನ್ನು ಬಿಲ್ ಹಾಕುವ ಹುಡುಗಿಯೂ ಅರಿಯಳು.

ದೂರವಾಣಿಯ ಸಂಖ್ಯೆ ಹಿಂದೆ ಇಷ್ಟು ಮಹತ್ತ್ವದ ವಸ್ತುವಾಗಿರಲಿಲ್ಲ. ಕಂಪನಿಯನ್ನು ಬದಲಾಯಿಸಿದರೆ ಸಂಖ್ಯೆಯೂ ಬದಲಾಗುತ್ತಿತ್ತು. 2011ರ ಜನವರಿಯಲ್ಲಿ, ಕಂಪನಿ ಬದಲಾದರೂ ಸಂಖ್ಯೆಯನ್ನು ಉಳಿಸಿಕೊಳ್ಳುವ ಸೌಲಭ್ಯ ದೇಶಾದ್ಯಂತ ಜಾರಿಗೆ ಬಂದಮೇಲೆ, ಒಂದೇ ಸಂಖ್ಯೆ ಮನುಷ್ಯನ ಜೊತೆಯಲ್ಲಿ ಬಾಳಿನುದ್ದಕ್ಕೂ ನಡೆದುಬರುವುದು ಸಾಧ್ಯವಾಯಿತು. ಬ್ಯಾಂಕಿನ ಖಾತೆ, ಆಧಾರ್, ಅಡುಗೆ ಅನಿಲ ಎಲ್ಲವೂ ಅದಕ್ಕೆ ಕೂಡಿಕೊಂಡವು. 2016ರಲ್ಲಿ ಯುಪಿಐ ಬಂದಮೇಲೆ ಹಣ ಕೊಡುವುದಕ್ಕೂ ಪಡೆಯುವುದಕ್ಕೂ ಅದೇ ಸಂಖ್ಯೆ ಗುರುತಾಯಿತು. ಔಷಧದಂಗಡಿಯಲ್ಲಿ ಕೊಂಡ ಸಕ್ಕರೆ ಕಾಯಿಲೆಯ ಮಾತ್ರೆ, ಪುಸ್ತಕದಂಗಡಿಯಲ್ಲಿ ಕೊಂಡ ಗ್ರಂಥ, ಹೋಟೆಲಿನಲ್ಲಿ ಮಾಡಿದ ಊಟ, ಇವು ಪ್ರತ್ಯೇಕವಾಗಿ ಇರುವಷ್ಟು ಕಾಲ ಯಾವ ಕಥೆಯನ್ನೂ ಹೇಳಲಾರವು. ಆದರೆ ಬಿಡಿಹೂಗಳನ್ನು ಪೋಣಿಸುವ ದಾರದಂತೆ ಆ ಹತ್ತು ಅಂಕಿಗಳು ಇವೆಲ್ಲದರ ನಡುವೆ ಹಾದುಹೋದಾಗ ಒಬ್ಬ ವ್ಯಕ್ತಿಯ ಆರೋಗ್ಯ, ಅಭಿರುಚಿ, ಆದಾಯ, ಅಭ್ಯಾಸಗಳ ಚಿತ್ರ ತಾನಾಗಿಯೇ ಮೂಡಿಬಿಡುತ್ತದೆ. ವರ್ತಕರು ತಮ್ಮ ಗ್ರಾಹಕರ ಸಂಖ್ಯೆಗಳ ಪಟ್ಟಿಯನ್ನು ಅಂತರಜಾಲದ ಜಾಹೀರಾತು ಸಂಸ್ಥೆಗಳಿಗೆ ಒಪ್ಪಿಸಿ, ಆ ಸಂಸ್ಥೆಗಳ ಬಳಿ ಇರುವ ಸಂಖ್ಯೆಗಳೊಡನೆ ಅವನ್ನು ತಾಳೆ ನೋಡಿಸಿ, ಆಯಾ ವ್ಯಕ್ತಿಯ ಕಣ್ಣಿಗೇ ಬೀಳುವಂತೆ ಜಾಹೀರಾತನ್ನು ಹಾಕಿಸುವ ಏರ್ಪಾಡು ಇಂದು ಸರ್ವಸಾಮಾನ್ಯವಾಗಿದೆ. ಅಂಗಡಿಗೆ ನಮ್ಮ ಸಂಖ್ಯೆ ಬೇಕಾಗುವುದು ಬಹುಮಟ್ಟಿಗೆ ಇದಕ್ಕಾಗಿ.

ಬಿಲ್ಲಿಗೆ ಸಂಖ್ಯೆ ಬೇಕೇಬೇಕೆಂಬ ಮಾತಿನಲ್ಲಿ ಹುರುಳಿಲ್ಲ. ಜಿಎಸ್‌ಟಿ ನಿಯಮಗಳ ಪ್ರಕಾರ, ನೋಂದಣಿಯಿಲ್ಲದ ಸಾಮಾನ್ಯ ಗ್ರಾಹಕರ ಹೆಸರು ವಿಳಾಸಗಳನ್ನು ಬಿಲ್ಲಿನಲ್ಲಿ ಬರೆಯಬೇಕಾದುದು ಸರಕಿನ ಬೆಲೆ 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾದಾಗ. ಆಗಲೂ ದೂರವಾಣಿಯ ಸಂಖ್ಯೆಯನ್ನು ಆ ನಿಯಮ ಕೇಳುವುದಿಲ್ಲ. 2 ಲಕ್ಷ ರೂಪಾಯಿಯನ್ನು ಮೀರಿದ ಖರೀದಿಗೆ ಆದಾಯ ತೆರಿಗೆಯವರು ಪ್ಯಾನ್ ಸಂಖ್ಯೆಯನ್ನು ಕೇಳುತ್ತಾರೆಂಬುದು ನಿಜ. ಕಾಲುಚೀಲಕ್ಕೂ ಕಾಫಿಗೂ ಇದಾವುದೂ ಅನ್ವಯಿಸದು. ಸಂಖ್ಯೆಯಿಲ್ಲದೆ ಮುಂದುವರಿಯಲೊಲ್ಲದ ಯಂತ್ರವನ್ನು ಹಾಗೆ ರೂಪಿಸಿದವರು ಮನುಷ್ಯರೇ. ಅವರು ಮನಸ್ಸು ಮಾಡಿದರೆ ಅದನ್ನು ತಿದ್ದುವುದು ಅರ್ಧ ದಿನದ ಕೆಲಸ.

ಹೊಸ ಯಂತ್ರಗಳು ಬಂದಾಗಲೆಲ್ಲ ಮನುಷ್ಯನ ಖಾಸಗಿ ಬಾಳಿಗೆ ಹೊಸ ರಕ್ಷಣೆಯ ಅವಶ್ಯಕತೆ ತಲೆದೋರುವುದು ಇದೇ ಮೊದಲೇನಲ್ಲ. 1888ರಲ್ಲಿ ಅಮೆರಿಕೆಯಲ್ಲಿ ಕೊಡಾಕ್ ಕ್ಯಾಮೆರಾ ಮಾರುಕಟ್ಟೆಗೆ ಬಂದು, ಯಾರು ಬೇಕಾದರೂ ಯಾರ ಚಿತ್ರವನ್ನಾದರೂ ತೆಗೆಯುವುದು ಸುಲಭವಾದಾಗ, ಪತ್ರಿಕೆಗಳು ಪರರ ಮನೆಯ ಸಮಾಚಾರವನ್ನು ಸರಕು ಮಾಡಿಕೊಳ್ಳತೊಡಗಿದಾಗ, ಸ್ಯಾಮ್ಯುಯೆಲ್ ವಾರೆನ್ ಮತ್ತು ಲೂಯಿ ಬ್ರಾಂಡೈಸ್ ಎಂಬ ಬಾಸ್ಟನ್ನಿನ ಇಬ್ಬರು ವಕೀಲರು 1890ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಕಾನೂನು ಪತ್ರಿಕೆಯಲ್ಲಿ ಲೇಖನವೊಂದನ್ನು ಬರೆದು, ತನ್ನ ಪಾಡಿಗೆ ತಾನಿರುವುದು ಮನುಷ್ಯನ ಹಕ್ಕೆಂದು ವಾದಿಸಿದರು.

ಭಾರತದಲ್ಲಿ ಈ ಹಕ್ಕು ಸ್ಥಿರವಾಗಿ ನೆಲೆಗೊಂಡದ್ದು ಕನ್ನಡ ನಾಡಿನ ವೃದ್ಧರೊಬ್ಬರ ಪ್ರಯತ್ನದಿಂದ ಎಂಬುದನ್ನು ನಾವು ಹೆಮ್ಮೆಯಿಂದ ಸ್ಮರಿಸತಕ್ಕದ್ದಾಗಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ವಿಶ್ರಾಂತಿಯನ್ನು ಬಯಸಬಹುದಾಗಿದ್ದ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿದರು. ಖಾಸಗಿತನವೆಂಬ ಮೂಲಭೂತ ಹಕ್ಕು ಸಂವಿಧಾನದಲ್ಲಿ ಇಲ್ಲವೆಂದು ಸರ್ಕಾರ 1954ರ ಮತ್ತು 1962ರ ಹಳೆಯ ತೀರ್ಪುಗಳನ್ನು ಆಧರಿಸಿ ವಾದಿಸಿದುದರಿಂದ, ಆ ಪ್ರಶ್ನೆಯೊಂದನ್ನೇ ಇತ್ಯರ್ಥಪಡಿಸುವುದಕ್ಕೆ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕುಳಿತುಕೊಳ್ಳಬೇಕಾಯಿತು. 2017ರ ಆಗಸ್ಟ್ 24ರಂದು ಆ ಒಂಬತ್ತು ಮಂದಿಯೂ ಏಕಾಭಿಪ್ರಾಯದಿಂದ, ಖಾಸಗಿತನವು ಸಂವಿಧಾನದ 21ನೆಯ ವಿಧಿಯಲ್ಲಿ ಹೇಳಿರುವ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಅಂಗವೇ ಆಗಿದೆಯೆಂದು ಸಾರಿದರು. ಮರುವರ್ಷದ ಸೆಪ್ಟೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಆಧಾರ್ ಕಾಯಿದೆಯನ್ನು ಎತ್ತಿಹಿಡಿಯಿತಾದರೂ, ಖಾಸಗಿ ಸಂಸ್ಥೆಗಳು ಆ ಸಂಖ್ಯೆಯನ್ನು ಬಳಸಿಕೊಳ್ಳಲು ಅವಕಾಶ ಕೊಟ್ಟಿದ್ದ 57ನೆಯ ಕಲಮಿನ ಭಾಗವನ್ನು ಅಸಿಂಧುವೆಂದು ತಳ್ಳಿಹಾಕಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಹೆಸರು ನಮ್ಮ ನ್ಯಾಯಶಾಸ್ತ್ರದಲ್ಲಿ ಚಿರಸ್ಥಾಯಿಯಾಗಿದ್ದರೂ, ಅವರು ಗಳಿಸಿಕೊಟ್ಟ ಹಕ್ಕು ಅವರದೇ ನಾಡಿನ ಅಂಗಡಿಗಳ ಗಲ್ಲಾದವರೆಗೆ ಇನ್ನೂ ನಡೆದುಬಂದಿಲ್ಲವೆಂಬುದು ವಿಷಾದಕರ.

ಗ್ರಾಹಕರ ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು, ಗ್ರಾಹಕರು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿನ ಆಧಾರವಿಲ್ಲದೆ ಅನ್ಯರಿಗೆ ತಿಳಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ; ಬಿಲ್ ಕೊಡದಿರುವುದನ್ನೂ ಅದೇ ಪಟ್ಟಿಯಲ್ಲಿಟ್ಟಿದೆ. 2023ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ವರ್ತಕರಿಗೂ ಉದ್ಯಮ ಸಂಘಗಳಿಗೂ ಸೂಚನೆಯನ್ನು ಕಳುಹಿಸಿ, ಸಂಖ್ಯೆಯನ್ನು ಕೊಡದಿದ್ದರೆ ಮಾರುವುದಿಲ್ಲವೆಂದು ಹಟ ಹಿಡಿಯುವುದು ಅನುಚಿತವೆಂದು ತಿಳಿಸಿತು.

ಒಪ್ಪಿಗೆಯೆಂದರೇನೆಂಬುದನ್ನು ವಿಶದವಾಗಿ ನಿರೂಪಿಸಿರುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. ಒಪ್ಪಿಗೆಯು ಸ್ವತಂತ್ರವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಗೆ ಒಳಪಡದಿರಬೇಕು, ಸಂದಿಗ್ಧಕ್ಕೆ ಎಡೆಯಿಲ್ಲದಂತಿರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳಲೂ ಬರುವಂತಿರಬೇಕು ಎಂಬುದು ಅದರ ವಿಧಿ. ಕಾಯಿದೆಯೇ ಒಂದು ದೃಷ್ಟಾಂತವನ್ನು ಕೊಡುತ್ತದೆ: ದೂರದಿಂದಲೇ ವೈದ್ಯರ ಸಲಹೆ ಕೊಡಿಸುವ ಆ್ಯಪ್ ಒಂದನ್ನು ಹಾಕಿಕೊಂಡವರಿಂದ ಅದು ಚಿಕಿತ್ಸೆಗೆ ಬೇಕಾದ ಮಾಹಿತಿಯ ಜೊತೆಗೆ ಫೋನಿನಲ್ಲಿರುವ ಪರಿಚಿತರೆಲ್ಲರ ಸಂಖ್ಯೆಗಳನ್ನೂ ಕೇಳಿ, ಅವರು ಎರಡಕ್ಕೂ ಹೂಂ ಎಂದಿದ್ದರೂ, ಪರಿಚಿತರ ಪಟ್ಟಿ ಚಿಕಿತ್ಸೆಗೆ ಬೇಕಾಗಿಲ್ಲವಾದುದರಿಂದ ಆ ಭಾಗದ ಒಪ್ಪಿಗೆ ಸಲ್ಲದು. ಒಪ್ಪಿಗೆಯ ಪತ್ರವನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಾಗಲಿ ಓದಿಕೊಳ್ಳುವ ಆಯ್ಕೆ ಜನರಿಗಿರಬೇಕೆಂದೂ ಅದು ಹೇಳುತ್ತದೆ. ಆ ಅನುಸೂಚಿಯಲ್ಲಿ ಕನ್ನಡವಿದೆ. ಪುಟಗಟ್ಟಲೆ ಇಂಗ್ಲಿಷಿನ ಕೆಳಗೆ ಕಣ್ಣುಮುಚ್ಚಿ ಗುಂಡಿಯೊತ್ತುವ ಕಾಲ ಮುಗಿಯಬೇಕಾದರೆ ಕನ್ನಡಿಗರು ಇದನ್ನು ಕೇಳಿ ಪಡೆಯಬೇಕು. ಈ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವಾದರೂ, ಮುಖ್ಯವಾದ ಕಟ್ಟಳೆಗಳ ಜಾರಿಗೆ 18 ತಿಂಗಳ ಅವಧಿಯನ್ನು ಕೊಡಲಾಗಿದೆ. ಸರ್ಕಾರದ ಸಂಸ್ಥೆಗಳಿಗೆ ಕಾಯಿದೆಯಿಂದ ವಿಶಾಲವಾದ ವಿನಾಯಿತಿ ದೊರೆತಿರುವುದು ಅದರ ದೊಡ್ಡ ಕೊರತೆ. ವರ್ತಕನಿಗೆ ವಿಧಿಸಿದ ಸಂಯಮವನ್ನು ಪ್ರಭುತ್ವವೂ ಪಾಲಿಸಿದಾಗಲೇ ಪ್ರಜೆಗೆ ಪೂರ್ಣ ನೆಮ್ಮದಿ.

ಫೋನಿನ ಪರದೆಯಲ್ಲಿ ನಡೆಯುವ ಒತ್ತಾಯ ಇನ್ನೂ ಸೂಕ್ಷ್ಮವಾದುದು. ಚಂದಾದಾರರಾಗಲು ಒಂದೇ ಗುಂಡಿ, ಬಿಡಲು ಏಳು ಬಾಗಿಲು. ಬೇಡವೆನ್ನುವವರು "ನನಗೆ ಉಳಿತಾಯ ಬೇಕಿಲ್ಲ" ಎಂಬ ನಾಚಿಕೆಗೇಡಿನ ವಾಕ್ಯವನ್ನೇ ಒತ್ತಬೇಕಾದ ಪರಿಸ್ಥಿತಿ. ಕೇಳದಿದ್ದರೂ ಬುಟ್ಟಿಯೊಳಗೆ ಬಂದು ಕುಳಿತ ವಿಮೆಯೋ ದಾನವೋ. ಕೊನೆಯ ಹೆಜ್ಜೆಯಲ್ಲಿ ಏರುವ ಬೆಲೆ. ಬ್ರಿಟನ್ನಿನ ಹ್ಯಾರಿ ಬ್ರಿಗ್ನಲ್ ಎಂಬ ವಿನ್ಯಾಸಕಾರರು 2010ರಲ್ಲಿ ಇಂಥ ತಂತ್ರಗಳಿಗೆ ಡಾರ್ಕ್ ಪ್ಯಾಟರ್ನ್ ಎಂದು ಹೆಸರಿಟ್ಟರು. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಮಾರ್ಗಸೂಚಿಯನ್ನು ಹೊರಡಿಸಿ, ಇವುಗಳಲ್ಲಿ 13 ಬಗೆಗಳನ್ನು ಹೆಸರಿಸಿ ನಿಷೇಧಿಸಿದೆ.

ಇಷ್ಟು ಹೇಳಿದ ಮಾತ್ರಕ್ಕೆ ವರ್ತಕರನ್ನೂ ಯಂತ್ರಗಳನ್ನೂ ಹಳಿಯುವುದು ನನ್ನ ಉದ್ದೇಶವಲ್ಲ. ಸರಕನ್ನು ಮನೆಗೆ ತಲಪಿಸಬೇಕಾದವನಿಗೆ ವಿಳಾಸವೂ ಸಂಖ್ಯೆಯೂ ಬೇಕು. ಫ್ರಿಜ್ಜಿಗೆ ವಾರಂಟಿ ಕೊಟ್ಟವನಿಗೆ ಕೊಂಡವರ ಗುರುತು ಬೇಕು. ರಿಯಾಯಿತಿಯ ಅಂಕಗಳಿಗಾಗಿ ಸಂತೋಷದಿಂದ ಸಂಖ್ಯೆಯನ್ನು ಕೊಡುವ ಗೃಹಿಣಿಯ ನಿರ್ಧಾರವೂ ಗೌರವಾರ್ಹವೇ. ಆಕೆ ತನ್ನ ಲಾಭನಷ್ಟವನ್ನು ತೂಗಿ ನೋಡಿ ಒಪ್ಪಿದ್ದಾಳೆ. ಕೊಡುವವರು ಕೊಡಲಿ, ಕೊಡಲೊಲ್ಲದವರು ಕೊಡದೆಯೂ ಅದೇ ಬೆಲೆಗೆ ಅದೇ ಮರ್ಯಾದೆಯಿಂದ ಸರಕನ್ನು ಪಡೆಯಲಿ. ಕೇಳುವಾಗಲೇ "ಬೇಕಿದ್ದರೆ ಕೊಡಿ" ಎಂಬ ಎರಡು ಮಾತನ್ನು ಸೇರಿಸಿದರೆ ವ್ಯಾಪಾರಕ್ಕೆ ಯಾವ ಹಾನಿಯೂ ಇಲ್ಲ. ಗ್ರಾಹಕರ ವಿಶ್ವಾಸ ಬೆಳೆಯುತ್ತದೆ.

ಕಾನೂನು ಎಷ್ಟೇ ಉದಾರವಾಗಿದ್ದರೂ ಅದನ್ನು ಬಳಸುವವರಿಲ್ಲದಿದ್ದರೆ ಕಪಾಟಿನಲ್ಲಿ ಉಳಿಯುತ್ತದೆ. ಆದ್ದರಿಂದ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಮನಸ್ಸಿಲ್ಲದಿದ್ದಲ್ಲಿ "ಸಂಖ್ಯೆ ಕೊಡುವುದಿಲ್ಲ, ಬಿಲ್ ಕೊಡಿ" ಎಂದು ಸೌಮ್ಯವಾಗಿ, ಆದರೆ ದೃಢವಾಗಿ ಹೇಳಿರಿ. ಅಂಗಡಿಯವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಾದ 1915ಕ್ಕೆ ಕರೆ ಮಾಡಿರಿ. ಬೇಡದ ಜಾಹೀರಾತು ಕರೆಗಳನ್ನು ತಡೆಯಲು 1909 ಸಂಖ್ಯೆಗೆ ಕರೆ ಮಾಡಿ ನೋಂದಾಯಿಸಿಕೊಳ್ಳಿರಿ. ಅಷ್ಟರಿಂದಲೂ ಪರಿಹಾರ ದೊರೆಯದಿದ್ದಲ್ಲಿ, ನೀವು ವಾಸವಾಗಿರುವ ಜಿಲ್ಲೆಯ ಗ್ರಾಹಕರ ಆಯೋಗಕ್ಕೇ ದೂರು ಕೊಡಬಹುದು. ವಕೀಲರನ್ನು ಇಟ್ಟುಕೊಳ್ಳುವುದು ಕಡ್ಡಾಯವಲ್ಲ, 5 ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ನಿಮ್ಮ ಹಿಂದೆ ಸರದಿಯಲ್ಲಿ ನಿಂತವರು ಒಂದು ನಿಮಿಷ ಹೆಚ್ಚು ಕಾಯಬೇಕಾಗಬಹುದು. ಅವರ ಹಕ್ಕಿನ ಸಲುವಾಗಿಯೂ ನೀವು ಆ ನಿಮಿಷವನ್ನು ಬಳಸುತ್ತಿರುವಿರಿ.