ವಿದ್ಯುತ್ಕಾಂತ ಸ್ಪಂದವೂ ಹಾವೇರಿ ಸೀಮೆಯ ಯಂತ್ರಗಳೂ

ವಿದ್ಯುತ್ಕಾಂತ ಸ್ಪಂದವೆಂಬುದು ಕ್ಷಣಮಾತ್ರದಲ್ಲಿ ಎದ್ದು ಅಡಗುವ ಪ್ರಬಲವಾದ ವಿದ್ಯುತ್ಕ್ಷೇತ್ರ. ಇದನ್ನು ತರಂಗವೆನ್ನದೆ ಸ್ಪಂದವೆನ್ನುವುದೇ ಉಚಿತ. ಇಲ್ಲಿ ಮುಖ್ಯವಾದುದು ಮರುಕಳಿಸುವ ಗುಣವಲ್ಲ, ಒಮ್ಮೆಗೇ ಬೀಳುವ ಪೆಟ್ಟು. ಮುಂಗಾರಿಗೆ ಮೊದಲು ರಾಣೆಬೆನ್ನೂರಿನ ಹೊಲಗಳಲ್ಲಿ ಸಿಡಿಲೆರಗಿದಾಗ, ಸಿಡಿಲು ತಾಗದ ಮನೆಯಲ್ಲಿಯೂ ಟಿ.ವಿ. ಸುಡುವುದುಂಟು. ಆ ಬಲವನ್ನು ಹೊತ್ತು ತರುವುದು ತಂತಿ. ಇಷ್ಟನ್ನು ಹಿಡಿದರೆ ಮುಂದಿನದು ಸುಲಭವಾಗಿ ತಿಳಿಯುವುದು.

ಮನುಷ್ಯಕೃತ ಸ್ಪಂದದ ಪ್ರಸಿದ್ಧ ನಿದರ್ಶನವು 1962ನೆಯ ಇಸವಿಯ ಜುಲೈ ತಿಂಗಳದು. ಅಮೆರಿಕೆಯವರು ಪ್ರಶಾಂತ ಸಾಗರದ ಮೇಲೆ ಸುಮಾರು 400 ಕಿಲೋಮೀಟರು ಎತ್ತರದಲ್ಲಿ ಪರಮಾಣ್ವಸ್ತ್ರವೊಂದನ್ನು ಸಿಡಿಸಲು, ಸುಮಾರು 1,400 ಕಿಲೋಮೀಟರು ದೂರದ ಹವಾಯಿಯಲ್ಲಿ ಕೆಲವು ಬೀದಿದೀಪಗಳು ಆರಿದವು. ಸ್ಫೋಟದ ಗಾಮಾ ಕಿರಣಗಳು ಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಚಿಮ್ಮಿಸುವುವು. ಭೂಮಿಯ ಕಾಂತಕ್ಷೇತ್ರವು ಅವುಗಳ ದಾರಿಯನ್ನು ಬಾಗಿಸುವುದು. ಆ ಬಾಗಿನಿಂದಲೇ ಸ್ಪಂದದ ಜನನ. ಅದು ಸಿಡಿಲಿಗಿಂತ ಬಹು ಶೀಘ್ರವಾದುದರಿಂದ ಸಿಡಿಲಿಗೆಂದು ಕಟ್ಟಿದ ರಕ್ಷಣೆ ಇದಕ್ಕೆ ಸಾಲದು.

ಇಂಥ ಸ್ಪಂದ ಬಂದೊಡನೆ ಮೋಟಾರು ವಾಹನಗಳೆಲ್ಲ ಕಬ್ಬಿಣದ ರಾಶಿಯಾಗುವುವೆಂಬ ಮಾತು ಪ್ರಚಾರದಲ್ಲಿದೆ. ಅಮೆರಿಕೆಯ ಶಾಸನಸಭೆ ನೇಮಿಸಿದ ಆಯೋಗದ 2008ರ ವರದಿ ಹಾಗೆ ಹೇಳುವುದಿಲ್ಲ. ಅಲ್ಲಿ 37 ಕಾರುಗಳನ್ನೂ 18 ಲಾರಿಗಳನ್ನೂ ಪರೀಕ್ಷಿಸಿದರು. ನಿಲ್ಲಿಸಿಟ್ಟ ಕಾರುಗಳಿಗೆ ಏನೂ ಆಗಲಿಲ್ಲ. ಎಂಜಿನು ನಡೆಯುತ್ತಿದ್ದವುಗಳಲ್ಲಿ ಮೂರು ಕಾರುಗಳು, ಮೀಟರಿಗೆ ಸುಮಾರು 30,000 ವೋಲ್ಟಿನ ಕ್ಷೇತ್ರದಲ್ಲಿ ನಿಂತುಹೋದವು. ಮೂರು ಲಾರಿಗಳೂ ನಿಂತವು, ಅವುಗಳಲ್ಲೊಂದನ್ನು ಎಳೆದೊಯ್ಯಬೇಕಾಯಿತು. ಆದರೆ ಆ ವಾಹನಗಳು ಎರವಿನವು. ತೊಂದರೆ ಕಂಡೊಡನೆ ಪರೀಕ್ಷೆಯನ್ನು ನಿಲ್ಲಿಸುತ್ತಿದ್ದರು. ಅವು 2003ಕ್ಕೆ ಈಚಿನವೂ ಅಲ್ಲ. ಮೈತುಂಬ ಎಲೆಕ್ಟ್ರಾನಿಕ್ ನಿಯಂತ್ರಣವಿರುವ ಇಂದಿನ ಕಾರಿಗೆ ಆ ಫಲವನ್ನು ಹಾಗೆಯೇ ಅನ್ವಯಿಸುವುದು ಯುಕ್ತವಲ್ಲ. ಹಳೆಯ ಡೀಸೆಲ್ ಟ್ರ್ಯಾಕ್ಟರಿಗೆ ಮಾತ್ರ ಈ ಭಯ ಕಡಿಮೆ.

ಹಾವೇರಿಯಿಂದ ರಾಣೆಬೆನ್ನೂರಿಗೆ ಸಾಗುವ ಹೆದ್ದಾರಿಯಲ್ಲಿ ವೇಗದಲ್ಲಿರುವ ನಾಲ್ಕು ವಾಹನ ಥಟ್ಟನೆ ನಿಂತರೂ ಅನಾಹುತಕ್ಕೆ ಸಾಕು. ಉಳಿದವು ಓಡಬಲ್ಲವು, ಆದರೆ ಬಂಕಿನಲ್ಲಿ ಇಂಧನವನ್ನೆತ್ತುವ ಪಂಪು ವಿದ್ಯುತ್ತಿನದು. ಮೊಬೈಲಿನ ಒಡಲು ಚಿಕ್ಕದಾದ ಕಾರಣ, ತಂತಿಗೆ ಸಿಕ್ಕಿಸಿರದಿದ್ದರೆ ಅದು ಉಳಿಯುವ ಸಂಭವ ಹೆಚ್ಚು. ಗೋಪುರ ಮೂಕವಾದ ಮೇಲೆ ಉಳಿದೇನು ಫಲ! ನಿಜವಾದ ಕಷ್ಟ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯದು. ಅಲ್ಲಿ ತೂಕವು ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ, ಟೆಂಡರಿನ ಬೆಲೆ ಗಣಕಯಂತ್ರದಲ್ಲಿ, ದಾಸ್ತಾನು ಶೈತ್ಯಾಗಾರದಲ್ಲಿ. ತಕ್ಕಡಿಯನ್ನು ಬದಲಿಸಬಹುದು, ಬೆಲೆ ಗೊತ್ತಾಗದ ಚೀಲದ ಮುಂದೆ ಕುಳಿತ ರೈತನಿಗೆ ಊರಿಗೆ ಮರಳುವ ದಾರಿಯೂ ಇಲ್ಲ, ಮಾರುವ ದಾರಿಯೂ ಇಲ್ಲ.

ಸೂರ್ಯನಿಂದ ಬರುವ ಕಾಂತಚಂಡಮಾರುತವನ್ನು ಇದರೊಡನೆ ಬೆರೆಸಬಾರದು. 1859ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಭೂಕಾಂತಬಲ ಸುಮಾರು 1,600 ನ್ಯಾನೋಟೆಸ್ಲಾದಷ್ಟು ಕುಸಿದುದು ದಾಖಲಾಗಿದೆ. ಅದು ಮಂದಗತಿಯದು, ನೂರಾರು ಮೈಲಿಯ ತಂತಿಗಳನ್ನೂ ಟ್ರಾನ್ಸ್‌ಫಾರ್ಮರುಗಳನ್ನೂ ಪೀಡಿಸುವುದು, ಕಾರನ್ನಲ್ಲ. 1989ರ ಮಾರ್ಚಿಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿದ್ದುದು ಹೀಗೆಯೇ. ಭೂಮಧ್ಯರೇಖೆಗೆ ಸಮೀಪದ ಹಾವೇರಿ ಸೀಮೆಗೆ ಅದರ ಬಾಧೆ ಉತ್ತರದ ದೇಶಗಳಿಗಿಂತ ಕಡಿಮೆ. ಅಲ್ಲದೆ ಸೌರದ್ರವ್ಯ ಭೂಮಿಯನ್ನು ಮುಟ್ಟಲು ಹಲವು ಗಂಟೆಗಳೇ ಬೇಕು. 1859ರಲ್ಲಿ ಸುಮಾರು 17 ಗಂಟೆ ಹಿಡಿಯಿತು. ಅಸ್ತ್ರದ ಸ್ಪಂದಕ್ಕೆ ಅಂಥ ಮುನ್ಸೂಚನೆಯೇ ಇಲ್ಲ.