ಹಿತ್ತಿಲ ಕೆಸರಿಗೆ ಜೇಕಿನ ಹಸಿರು

ವುಝೂ ಮಾಡಿದ ನೀರು, ಸ್ನಾನದ ನೀರು ಹರಿದು ಹೋಗಿ ಹಿತ್ತಿಲ ಮೂಲೆಯಲ್ಲಿ ನಿಲ್ಲುತ್ತದೆ. ಕೆಸರು, ವಾಸನೆ, ಸೊಳ್ಳೆ. ಮಳೆಗಾಲದಲ್ಲಿ ಅದು ನೆರೆಮನೆಯ ಅಂಗಳಕ್ಕೂ ಇಳಿಯುತ್ತದೆ. ಅಲ್ಲಿಂದ ಶುರುವಾದ ಮಾತು ಎಷ್ಟೋ ಕಡೆ ಎರಡು ಮನೆಗಳ ನಡುವಿನ ಸಲಾಮನ್ನೇ ನಿಲ್ಲಿಸಿದೆ. ದಿನಕ್ಕೆ ಐದು ಬಾರಿ ಶುಚಿಯಾಗುವ ನಾವು ನೆರೆಯವರಿಗೆ ತೊಂದರೆ ಕೊಡುವ ಈ ಮೂಲೆಯನ್ನು ಹಾಗೆಯೇ ಬಿಡಬಹುದೇ?

ಕೆಸರಿನಲ್ಲೇ ಸೊಂಪಾಗಿ ಬೆಳೆಯುವ ಗಿಡಗಳನ್ನೂ ಅಲ್ಲಾಹನು ಸೃಷ್ಟಿಸಿದ್ದಾನೆ. ಜೇಕು ಅಂತಹದ್ದು. ನೋಡಲು ಹುಲ್ಲಿನಂತೆ. ಆದರೆ ದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಹೆಚ್ಚಿನ ಜೇಕುಗಳಲ್ಲಿ ಮೂರು ಅಂಚುಗಳು ಕೈಗೆ ಸಿಗುತ್ತವೆ. ಈಜಿಪ್ಟಿನ ಪಪೈರಸ್ ಇದೇ ಕುಟುಂಬದ್ದು. ಕಾಗದ ಬಳಕೆಗೆ ಬರುವ ಮುನ್ನ ಅಲ್ಲಿನ ಮುಸ್ಲಿಮ್ ಆಡಳಿತದ ಪತ್ರಗಳನ್ನೂ ಅದರ ಮೇಲೆಯೇ ಬರೆಯುತ್ತಿದ್ದರು. ತಮಿಳುನಾಡಿನ ಪತ್ತಮಡೈಯಲ್ಲಿ ಮುಸ್ಲಿಮ್ ಮಹಿಳೆಯರು ನೇಯುವ ಹೆಸರಾಂತ ಚಾಪೆಗಳು 'ಕೋರೈ' ಎಂಬ ಜೇಕಿನವು.

ಮನೆಗೆ ಸುಲಭವಾದದ್ದು ನರ್ಸರಿಯಲ್ಲಿ 'ಅಂಬ್ರೆಲಾ ಪಾಮ್' ಎಂದು ಮಾರುವ ಗಿಡ. ಹೆಸರು ಪಾಮ್ ಆದರೂ ಅದು ಜೇಕೇ. 3ರಿಂದ 5 ಅಡಿ ಎತ್ತರ ಬೆಳೆಯುತ್ತದೆ. ಕೊಡೆಯಂತಹ ತುದಿಯನ್ನು ತುಂಡು ದಂಟಿನ ಸಹಿತ ಕತ್ತರಿಸಿ, ನೀರಿನ ಪಾತ್ರೆಯಲ್ಲಿ ತಲೆಕೆಳಗಾಗಿ ಇಟ್ಟರೆ ಕೆಲವು ವಾರಗಳಲ್ಲಿ ಬೇರು ಬಿಡುತ್ತದೆ. ಒಬ್ಬರು ಕೊಂಡರೆ ಇಡೀ ಕೇರಿಗೆ ಸಾಕು.

ನೀರು ನಿಲ್ಲುವಲ್ಲಿ ಒಂದೂವರೆ ಅಡಿ ಆಳದ ಗುಂಡಿ ತೋಡಿ, ಜಲ್ಲಿ ತುಂಬಿ, ನಡುವೆ ಗಿಡ ನೆಡಿ. ನೀರು ಸದಾ ಜಲ್ಲಿಯ ಕೆಳಗೇ ಇರಲಿ, ಮೇಲೆ ಕಾಣಬಾರದು. ತೆರೆದ ನೀರಿಲ್ಲದಿದ್ದರೆ ಸೊಳ್ಳೆ ಮೊಟ್ಟೆಯಿಡಲು ಜಾಗವಿಲ್ಲ. ಹೆಚ್ಚಾದ ನೀರು ಬಾಳೆಯ ಬುಡಕ್ಕೆ ಹೋಗುವಂತೆ ದಾರಿ ಮಾಡಿ. ಶೌಚಾಲಯದ ನೀರು, ಬ್ಲೀಚಿಂಗ್ ಪೌಡರ್ ಬೆರೆತ ನೀರು ಬೇಡ. ಬಾವಿಯ ಹತ್ತಿರ ಗುಂಡಿ ತೋಡಬೇಡಿ. ಸಣ್ಣ ಕೊಳವಿದ್ದರೆ ಕುಂಡದ ಸಮೇತ ನೀರಿನಂಚಿನಲ್ಲಿಡಿ, ಸೊಳ್ಳೆಮರಿ ತಿನ್ನಲು ಗಪ್ಪಿ ಮೀನು ಬಿಡಿ. ಒಣಗಿದ ದಂಟುಗಳನ್ನು ಬುಡದಲ್ಲೇ ಕತ್ತರಿಸಿದರೆ ಹೊಸತು ಬರುತ್ತದೆ.

ಎರಡು ಎಚ್ಚರಿಕೆಗಳು. ಕೊನ್ನಾರಿ ಗಡ್ಡೆಯೂ ಜೇಕೇ. ಅದನ್ನು ಮಾತ್ರ ತರಬೇಡಿ, ಒಮ್ಮೆ ಗಡ್ಡೆ ಇಳಿದರೆ ಕೀಳುವುದು ಬಹಳ ಕಷ್ಟ. ಹೆಚ್ಚಾದ ಗಿಡವನ್ನು ಕೆರೆ, ತೋಡುಗಳಿಗೆ ಎಸೆಯಬೇಡಿ, ಅಲ್ಲಿ ಹಬ್ಬಿ ಬೇರೆ ಗಿಡಗಳನ್ನು ಅದುಮುತ್ತದೆ.

ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂಬುದು ಪ್ರವಾದಿಯವರ(ಸ) ಶಿಕ್ಷಣ. ಸಹೋದರಿಯರೇ, ಮೊದಲು ನಲ್ಲಿಯನ್ನು ಸಣ್ಣದು ಮಾಡೋಣ. ಉಳಿದು ಹರಿದದ್ದು ಹಸಿರಾಗಲಿ. ಬೇರು ಬಿಟ್ಟ ಮೊದಲ ಗಿಡವನ್ನು ಮುನಿಸಿಕೊಂಡ ನೆರೆಮನೆಗೆ ಕೊಟ್ಟು, ಸಲಾಮ್ ಹೇಳಿ ಬನ್ನಿ.