ಸ್ಟೀಲಿಗೆ ಅಂಟುತ್ತೆ, ನಿಟಿನಾಲ್‌ಗೆ ಯಾಕೆ ಅಂಟಲ್ಲ?

ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆ ಅಂದ್ರೆ ಮನ್‌ಮುಲ್ ಡೇರಿ. ಡೇರಿ ಅಂದ್ಮೇಲೆ ಟ್ಯಾಂಕು, ಪೈಪು ಎಲ್ಲಾ ಸ್ಟೇನ್‌ಲೆಸ್ ಸ್ಟೀಲ್. ಅದರ ತೆಳು ತಗಡನ್ನು ಆರ್ಗಾನ್ ಗ್ಯಾಸ್ ಹಾಯಿಸಿ ನೀಟಾಗಿ ಬೆಸೆಯುವುದು ಪಳಗಿದ ವೆಲ್ಡರ್‌ಗೆ ದಿನದ ಕೆಲಸ. ಅದೇ ಕೈಗೆ ಅರ್ಧ ಮಿಲಿಮೀಟರ್ ದಪ್ಪದ ಸ್ಟೀಲ್ ತಗಡು, ಅಷ್ಟೇ ದಪ್ಪದ ನಿಟಿನಾಲ್ ತಗಡು ಕೊಟ್ಟು ಕೂಡಿಸಿ ಅಂದ್ರೆ? ಕೂಡುತ್ತೆ. ಆಮೇಲೆ ತಣ್ಣಗಾಗುವಾಗ ಬಿರುಕು ಬಿಡುತ್ತೆ.

ನಿಟಿನಾಲ್‌ನಲ್ಲಿ ಹೆಚ್ಚುಕಡಿಮೆ ಅರ್ಧ ನಿಕಲ್, ಅರ್ಧ ಟೈಟಾನಿಯಂ. ಬಗ್ಗಿಸಿ ಬಿಸಿ ಮಾಡಿದರೆ ಹಳೇ ಆಕಾರಕ್ಕೆ ಮರಳುವ ‘ನೆನಪಿನ ಲೋಹ’ ಇದು. ಕರಗಿದಾಗ ಇದರ ಟೈಟಾನಿಯಂ, ಸ್ಟೀಲಿನ ಕಬ್ಬಿಣ ಮತ್ತು ಕ್ರೋಮಿಯಂ ಜೊತೆ ಸೇರಿ ಗಾಜಿನಂತೆ ಪೆಡಸಾದ ಸಂಯುಕ್ತ ಆಗುತ್ತೆ. ಬೆಸುಗೆ ಒಡೆಯುವುದು ಅಲ್ಲೇ. ಕಾವು ಜಾಸ್ತಿಯಾದರೆ ಇನ್ನೊಂದು ತೊಂದರೆ: ಬೆಸುಗೆಯ ಅಕ್ಕಪಕ್ಕ ಲೋಹದ ನೆನಪೇ ಕೆಡುತ್ತೆ. ನಿಕಲ್ ಪ್ರಮಾಣ ಶೇ. 0.1ರಷ್ಟು ಏರುಪೇರಾದರೂ ಅದು ಆಕಾರ ಬದಲಿಸುವ ಉಷ್ಣತೆ ಸುಮಾರು 10 ಡಿಗ್ರಿ ಅತ್ತಿತ್ತ ಆಗಬಹುದು.

ದಾರಿ ಇಲ್ಲದಿಲ್ಲ. ಕೂದಲೆಳೆಯಷ್ಟು ಸಣ್ಣ ಲೇಸರ್ ಕಿರಣವನ್ನು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಬಿಟ್ಟುಬಿಟ್ಟು ಹೊಡೀತಾರೆ. ಕರಗುವ ಲೋಹ ಕಡಿಮೆ, ಬೆರಕೆಯೂ ಕಡಿಮೆ. ಕಿರಣವನ್ನು ಸ್ವಲ್ಪ ಸ್ಟೀಲಿನ ಕಡೆ ಸರಿಸುವುದೂ ಉಂಟು. ಎರಡು ತಗಡಿನ ಮಧ್ಯೆ ನಿಕಲ್ ಅಥವಾ ತಾಮ್ರದ ಹಾಳೆ ಇಟ್ಟು ಟೈಟಾನಿಯಂ, ಕಬ್ಬಿಣ ನೇರ ಮುಖಾಮುಖಿ ಆಗದ ಹಾಗೆ ನೋಡಿಕೊಳ್ತಾರೆ. ಜಗಳಗಂಟ ದಾಯಾದಿಗಳ ನಡುವೆ ಪಂಚಾಯ್ತಿದಾರನನ್ನು ಕೂರಿಸಿದ ಹಾಗೆ!

ಇಷ್ಟು ಕಷ್ಟ ಯಾಕೆ ಅಂತೀರಾ? ರಕ್ತನಾಳದೊಳಗೆ ತೂರಿಸುವ ಕೆಲವು ಗೈಡ್‌ವೈರ್‌ಗಳಲ್ಲಿ ಬಳುಕುವ ತುದಿ ನಿಟಿನಾಲ್, ತಳ್ಳುವ ಉದ್ದದ ಭಾಗ ಸ್ಟೀಲ್. ಜೀವ ನಿಂತಿರುವುದು ಆ ಜಾಯಿಂಟಿನ ಮೇಲೆ. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೃದಯದ ಸ್ಟೆಂಟಿಗೆ ಬೆಲೆ ಮಿತಿ ಹಾಕಿತು, ಒಳ್ಳೆಯದೇ. ಆದರೆ ಆದೇಶದಿಂದ ಬೆಲೆ ಇಳಿಯುತ್ತೆ, ವಿದ್ಯೆ ಬರಲ್ಲ.

1902ರಲ್ಲೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿತ್ತು. ಆ ಜಿಲ್ಲೆಯಲ್ಲಿ ಇವತ್ತು ‘ಕೌಶಲ್ಯಾಭಿವೃದ್ಧಿ’ ಅಂದ್ರೆ ಗೇಟು, ಗ್ರಿಲ್ಲಿಗೇ ನಿಲ್ಲಬೇಕಾ? ಐಟಿಐ ವೆಲ್ಡರ್ ಕೋರ್ಸ್ ಒಂದು ವರ್ಷದ್ದು. ಆರ್ಕ್, ಗ್ಯಾಸ್, ಮಿಗ್, ಟಿಗ್ ಅದರ ಜೀವಾಳ. ಅದಾದ ಮೇಲೆ ಹುಡುಗ, ಹುಡುಗಿಯರು ಕೈ ಪಳಗಿಸಲು ಸರ್ಕಾರಿ ದುಡ್ಡಿನಲ್ಲಿ ಒಂದು ಲೇಸರ್ ಬೆಂಚು ಬೇಕು. ನೆನಪಿನ ಲೋಹದ ಮೇಲೆ ಕೆಲಸ ಮಾಡಿರುವ ಎನ್‌ಎಎಲ್ ಬೆಂಗಳೂರಿನಲ್ಲೇ ಇದೆ, ಮಂಡ್ಯದಿಂದ ನೂರು ಕಿಲೋಮೀಟರ್. ಮುಂದಿನ ಸಲ ಓಟು ಕೇಳಲು ಬಂದವರ ಹತ್ತಿರ ನಾಲೆಯ ನೀರಿನ ಜೊತೆ ಇದನ್ನೂ ಕೇಳಿ.